ಮೀಟಿಂಗ್ ರೂಮಿನಲ್ಲಿ ಒಬ್ಬರೇ ಕೂತಾಗ

ಕಾರ್ಮಿಕರ ಕೇಸು ನೋಡುವ ನನ್ನ ಆಫೀಸಿಗೆ ಶುಕ್ರವಾರ ಸಂಜೆ ಬರುವವರಲ್ಲಿ ಐಟಿಯವರೇ ಜಾಸ್ತಿ. ಕಳೆದ ವರ್ಷ ಹೀಗೆ ಬಂದಿದ್ದ ಹಾಸನದ ಕಡೆಯ ಹುಡುಗನೊಬ್ಬ ಖಾಲಿ ಲ್ಯಾಪ್‌ಟಾಪ್ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದ. ಆರು ವರ್ಷದ ಸರ್ವೀಸು. ಮಧ್ಯಾಹ್ನ ಮೂರಕ್ಕೆ ಎಚ್‌ಆರ್‌ನವರು ಕರೆದರಂತೆ. ಮೇಜಿನ ಆ ಕಡೆ ಮೂವರು, ಈ ಕಡೆ ಇವನೊಬ್ಬ. ಫೋನ್ ಹೊರಗಿಟ್ಟು ಬನ್ನಿ ಅಂದಿದ್ದರು. 'ನೀವಾಗಿಯೇ ರಾಜೀನಾಮೆ ಮೇಲ್ ಹಾಕಿದರೆ ರಿಲೀವಿಂಗ್ ಲೆಟರ್ ಕ್ಲೀನಾಗಿ ಸಿಗುತ್ತೆ, ಇಲ್ಲಾಂದ್ರೆ ಟರ್ಮಿನೇಷನ್ ಅಂತ ಬರೀಬೇಕಾಗುತ್ತೆ' ಅಂದರು. ಮನೆಯವಳಿಗೆ ಒಂದು ಮಾತು ಹೇಳಿ ಬರ್ತೀನಿ ಅಂದರೆ ಬಿಡಲಿಲ್ಲ. ಮುಕ್ಕಾಲು ಗಂಟೆಯಲ್ಲಿ ಅವನೇ ಮೇಲ್ ಟೈಪ್ ಮಾಡಿ ಕಳಿಸಿದ.

ಆ ಒಂದು ಮೇಲ್‌ನಿಂದ ಅವನು ಕಳೆದುಕೊಂಡಿದ್ದು ಏನು ಅಂತ ಹೇಳುವುದು ನನಗೆ ಇವತ್ತಿಗೂ ಕಷ್ಟದ ಕೆಲಸ. ಕಂಪನಿ ತಾನಾಗಿ ಕೆಲಸ ಕಡಿತ ಮಾಡಿದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡಬೇಕು. ಜೊತೆಗೆ ಸರ್ವೀಸಿನ ಒಂದೊಂದು ವರ್ಷಕ್ಕೆ 15 ದಿನದ ಸಂಬಳ ಪರಿಹಾರ. ಇದು ಹಳೆಯ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಇತ್ತು, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಇದೆ. ಕೋಡ್ ಬರೆಯುವ ಎಂಜಿನಿಯರಿಗೂ ಇದು ಸಿಗಬಹುದು. ಕಾನೂನು ನೋಡುವುದು ನೀವು ಮಾಡುವ ಕೆಲಸವನ್ನು, ವಿಸಿಟಿಂಗ್ ಕಾರ್ಡಿನ ಹುದ್ದೆಯನ್ನಲ್ಲ. ಆದರೆ ರಾಜೀನಾಮೆ ಕೊಟ್ಟವನಿಗೆ ಇದು ಯಾವುದೂ ಇಲ್ಲ. ಒತ್ತಾಯ ಮಾಡಿ ಬರೆಸಿಕೊಂಡರು ಅಂತ ಕೋರ್ಟಿಗೆ ಹೋಗಬಹುದು. ಒತ್ತಾಯ ನಡೆದದ್ದಕ್ಕೆ ಸಾಕ್ಷಿ ಕೊಡಬೇಕಾದವನು ಅವನೇ. ರೂಮಿನಲ್ಲಿ ಇದ್ದದ್ದು ಆ ಮೂವರು ಮಾತ್ರ.

ಅದಾದ ಎರಡು ತಿಂಗಳಿಗೆ ಬೇರೆ ಕಂಪನಿಯ ಹನ್ನೊಂದು ಜನ ಒಟ್ಟಿಗೆ ಬಂದರು. ಅವರಲ್ಲಿ ನಾಲ್ವರು ಯೂನಿಯನ್ ಸದಸ್ಯರು. ಮೊದಲ ಮೀಟಿಂಗ್ ಇನ್ವೈಟ್ ಬಂದ ತಕ್ಷಣ ಒಬ್ಬಳು ಯೂನಿಯನ್‌ಗೆ ಫೋನ್ ಮಾಡಿದ್ದಳು. ಆ ಕಡೆಯಿಂದ ಬಂದ ಸಲಹೆ ಬಹಳ ಸಣ್ಣದು. ಯಾರೂ ಮೇಲ್ ಹಾಕಬೇಡಿ. ಟೈಮ್ ಕೇಳಿ. ಏನೇ ಇದ್ದರೂ ಬರವಣಿಗೆಯಲ್ಲಿ ಕೊಡಿ ಅನ್ನಿ. ಹನ್ನೊಂದು ಜನವೂ ಅದನ್ನೇ ಹೇಳಿ ಎದ್ದು ಬಂದಿದ್ದರು. ಕೊನೆಗೆ ಎಲ್ಲರ ಕೆಲಸ ಉಳಿಯಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಇಬ್ಬರನ್ನು ಬೇರೆ ಪ್ರಾಜೆಕ್ಟಿಗೆ ಹಾಕಿಕೊಂಡರು. ಉಳಿದವರು ನೋಟಿಸ್ ಸಂಬಳ, ಪರಿಹಾರ ಎರಡನ್ನೂ ಪಡೆದು ಹೊರಬಂದರು.

'ಈಗಿನ ಕಾಲಕ್ಕೂ ಯೂನಿಯನ್ ಬೇಕಾ ಮೇಡಂ?' ಅಂತ ನನ್ನನ್ನು ಕೇಳುವವರು ಬಹಳ. ಸಂಬಳ ಚೆನ್ನಾಗಿದೆ, ಎಚ್‌ಆರ್ ಇದೆ, ಕಾನೂನು ಇದೆ, ಮತ್ತೆ ಯಾಕೆ ಅಂತ. ನನ್ನ ಉತ್ತರ ಈ ಎರಡು ಶುಕ್ರವಾರಗಳ ನಡುವೆ ಇದೆ. ಕಾನೂನು ಇಬ್ಬರಿಗೂ ಒಂದೇ ಇತ್ತು. ಅದನ್ನು ಆ ಮುಕ್ಕಾಲು ಗಂಟೆಯೊಳಗೆ ನೆನಪಿಸುವವರು ಒಂದು ಕಡೆ ಇದ್ದರು, ಇನ್ನೊಂದು ಕಡೆ ಇರಲಿಲ್ಲ.

ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಕೇಸುಗಳಲ್ಲಿ ಇದೇ ಮಾತು ಇನ್ನೊಂದು ರೀತಿ ಕಾಣುತ್ತದೆ. ಬೊಮ್ಮನಹಳ್ಳಿಯ ಕಡೆ ಕೆಲಸ ಮಾಡುವ ಒಬ್ಬ ಟೈಲರ್ ನನಗೆ ಪೇ ಸ್ಲಿಪ್‌ಗಳ ಒಂದು ಕಟ್ಟನ್ನೇ ತಂದು ತೋರಿಸಿದ್ದರು. ಬಿಸಿ ತಗುಲಿ ಅರ್ಧ ಅಕ್ಷರ ಮಾಸಿ ಹೋಗಿತ್ತು. ಆರ್ಡರ್ ಇಲ್ಲದ ದಿನ ರಜ ಕೊಟ್ಟು, ಆಮೇಲೆ ಅದಕ್ಕೆ ಸಮ ಅಂತ ಭಾನುವಾರ ಕರೆಸುತ್ತಿದ್ದರು. ಕಾಂಪ್ ಆಫ್ ಅನ್ನುತ್ತಾರೆ. ಓಟಿಗೆ, ಅಂದರೆ ಹೆಚ್ಚುವರಿ ಹೊತ್ತಿನ ಕೆಲಸಕ್ಕೆ, ಡಬಲ್ ಸಂಬಳ ಕೊಡಬೇಕು ಅನ್ನುವುದು ಕಾಯ್ದೆ, ಆದರೆ ಭಾನುವಾರದ ಓಟಿ ಅವರ ಸ್ಲಿಪ್‌ನಲ್ಲಿ ಎಲ್ಲೂ ಇಲ್ಲ. 'ಕೇಳಿದೆ ಮೇಡಂ. ಮಾರನೇ ದಿನ ನನ್ನ ಲೈನ್ ಬದಲಾಯಿಸಿ ಕಾಲರ್ ಆಪರೇಷನ್‌ಗೆ ಹಾಕಿದ್ರು. ಅದರಲ್ಲಿ ನಂಗೆ ಕೈ ಓಡಲ್ಲ, ಟಾರ್ಗೆಟ್ ಬರಲ್ಲ, ದಿನಾ ಬೈಗುಳ' ಅಂದರು. ಒಬ್ಬರೇ ಹೋಗಿ ಕೇಳಿದರೆ ಮಾತು ಕೇಳಿದವರ ಮೇಲೆಯೇ ತಿರುಗುತ್ತದೆ. ನೀನು ಎಷ್ಟು ದಿನ ಲೇಟು, ನಿನ್ನ ಪೀಸ್ ಎಷ್ಟು, ಹೀಗೆ. ಅದೇ ಪ್ರಶ್ನೆ ಸಂಘದ ಲೆಟರ್‌ಹೆಡ್‌ನಲ್ಲಿ ಹೋದರೆ ಫ್ಯಾಕ್ಟರಿಯವರು ಓಟಿಯ ಬಗ್ಗೆಯೇ ಉತ್ತರ ಕೊಡಬೇಕಾಗುತ್ತದೆ. ಯಾರ ಲೈನನ್ನೂ ಬದಲಾಯಿಸಿ ಅದನ್ನು ಮುಗಿಸಲು ಆಗುವುದಿಲ್ಲ.

ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಇಂಥ ಮಾತುಕತೆಗಳಿಗೆ ನಾನು ಬಹಳ ಸಲ ಕೂತಿದ್ದೇನೆ. ಕಾರ್ಮಿಕ ಇಲಾಖೆಯ ಅಧಿಕಾರಿ ಮಧ್ಯೆ, ಎರಡು ಕಡೆಯವರು ಎದುರುಬದುರು. ಬಹಳಷ್ಟು ಸಲ ಸುಮ್ನೆ ಮುಂದಿನ ತಾರೀಕು ಕೊಟ್ಟು ಕಳಿಸುತ್ತಾರೆ, ನಿಜ. ಆದರೆ ಅಲ್ಲಿ ಒಪ್ಪಂದ ಆದರೆ ಅದರ ತೂಕವೇ ಬೇರೆ. ಕಾರ್ಮಿಕರ ಬಾಯಲ್ಲಿ ಅದು 'ಟ್ವೆಲ್ವ್ ತ್ರೀ', ಹಳೆಯ ಕಾಯ್ದೆಯ ಸೆಕ್ಷನ್ ನಂಬರ್. ಹೊರಗೆ ಖಾಸಗಿಯಾಗಿ ಮಾಡಿಕೊಂಡ ಒಪ್ಪಂದ ಸಹಿ ಹಾಕಿದವರಿಗೆ ಮಾತ್ರ. ಟ್ವೆಲ್ವ್ ತ್ರೀ ಆದರೆ ಆ ಫ್ಯಾಕ್ಟರಿಯ ಎಲ್ಲ ಕಾರ್ಮಿಕರಿಗೂ ಅನ್ವಯ. ಯೂನಿಯನ್‌ಗೆ ಒಂದು ರೂಪಾಯಿ ಚಂದಾ ಕೊಡದವರಿಗೂ, ನಾಳೆ ಕೆಲಸಕ್ಕೆ ಸೇರುವವರಿಗೂ. ಯೂನಿಯನ್ ಅಂದರೆ ಬರೀ ಮುಷ್ಕರ ಅಂತ ತಿಳಿದವರು ಈ ಕಾಗದಗಳನ್ನು ನೋಡಿರುವುದಿಲ್ಲ. ಬಸ್ ವ್ಯವಸ್ಥೆ, ಕ್ಯಾಂಟೀನಿನ ರೇಟು, ಹೆರಿಗೆ ರಜ ಮುಗಿಸಿ ಬಂದವರಿಗೆ ಯಾವ ಶಿಫ್ಟು, ಇವೆಲ್ಲ ಅದರಲ್ಲಿ ಸಾಲುಸಾಲಾಗಿ ಇರುತ್ತವೆ.

ಯೂನಿಯನ್ ಇಲ್ಲದಿದ್ದರೆ ಕಾರ್ಮಿಕರು ಸುಮ್ಮನೆ ಇರುತ್ತಾರೆ ಅನ್ನುವ ಮ್ಯಾನೇಜರುಗಳಿಗೆ ನಾನು 2016ರ ಏಪ್ರಿಲ್ ನೆನಪಿಸುತ್ತೇನೆ. ಆ ವರ್ಷ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಾಯಿಸಿತು. ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವ ಹಾಗಿಲ್ಲ ಅಂತ. ಗಾರ್ಮೆಂಟ್ಸ್‌ನಲ್ಲಿ 58ರವರೆಗೆ ಹೊಲಿಯುವವರು ಯಾರಿದ್ದಾರೆ? ಅಲ್ಲಿ ಕೈಯಲ್ಲಿ ಉಳಿಯುವ ಗಂಟು ಅಂದರೆ ಪಿಎಫ್ ಒಂದೇ. ಮಗಳ ಮದುವೆ, ಮಗನ ಫೀಸು, ಊರಿನ ಸಾಲ, ಎಲ್ಲಕ್ಕೂ ಅದೇ. ಆದರೆ ಹೊಸ ನಿಯಮ ಏನು ಅಂತ ಕೂರಿಸಿ ವಿವರಿಸುವವರು ಬಹುಪಾಲು ಫ್ಯಾಕ್ಟರಿಗಳಲ್ಲಿ ಇರಲಿಲ್ಲ. ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಏಪ್ರಿಲ್ 18ರಂದು ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದರು, ಮಾರನೇ ದಿನ ಇಡೀ ಬೆಂಗಳೂರು ನಿಂತುಹೋಯಿತು. ಲಾಠಿ ಏಟು ಬಿತ್ತು, ಬಸ್ಸುಗಳು ಸುಟ್ಟವು. 19ರಂದೇ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. ಗೆದ್ದರಲ್ಲ ಅಂತ ನೀವು ಕೇಳಬಹುದು. ಗೆದ್ದರು, ನನಗೂ ಆ ಹೆಣ್ಣುಮಕ್ಕಳ ಬಗ್ಗೆ ಹೆಮ್ಮೆ ಇದೆ. ಆದರೆ ಲಾಠಿಗೂ ಪೊಲೀಸ್ ಕೇಸಿಗೂ ಅವರು ಒಬ್ಬೊಬ್ಬರೇ ಮೈ ಒಡ್ಡಬೇಕಾಯಿತು. ಒಂದು ಪತ್ರ, ಒಂದು ಸಭೆಯಲ್ಲಿ ಎರಡು ತಿಂಗಳ ಮೊದಲೇ ಹೇಳಬಹುದಾಗಿದ್ದ ಮಾತಿಗೆ ಅಷ್ಟು ಬೆಲೆ ತೆರಬೇಕಿತ್ತಾ?

ಕೋಲಾರದ ನರಸಾಪುರದ ಐಫೋನ್ ಜೋಡಿಸುವ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರ ಬೆಳಗ್ಗೆ ನಡೆದದ್ದೂ ಅದೇ. ರಾತ್ರಿ ಪಾಳಿ ಮುಗಿಸಿದ ಹುಡುಗರು ಗಾಜು ಒಡೆದರು, ವಾಹನ ಸುಟ್ಟರು. ಅದನ್ನು ನಾನು ಒಪ್ಪುವುದಿಲ್ಲ. ಆದರೆ ಅದರ ಹಿಂದೆ ತಿಂಗಳುಗಟ್ಟಲೆ ಕಡಿಮೆ ಬಂದ ಸಂಬಳ, ಸರಿಯಾಗಿ ದಾಖಲಾಗದ ಹಾಜರಿ ಇತ್ತು. ಬಹಳ ಜನ ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಏಜೆನ್ಸಿಯವರನ್ನು ಕೇಳಿದರೆ ಕಂಪನಿ ಅನ್ನುತ್ತಾರೆ, ಕಂಪನಿಯನ್ನು ಕೇಳಿದರೆ ಏಜೆನ್ಸಿ. ಒಂದೇ ವಾರದಲ್ಲಿ ಕಂಪನಿ ಸಂಬಳದ ವಿಷಯದಲ್ಲಿ ತಪ್ಪಾಗಿದೆ ಅಂತ ಒಪ್ಪಿ ಕ್ಷಮೆ ಕೇಳಿತು. ಅಷ್ಟರಲ್ಲಿ ನೂರಕ್ಕೂ ಜಾಸ್ತಿ ಹುಡುಗರು ಪೊಲೀಸರ ವಶದಲ್ಲಿದ್ದರು.

ಅದೇ ವರ್ಷ ಯೂನಿಯನ್‌ಗಳು ಮಾಡಿದ ಒಂದು ಕೆಲಸ ಹೆಚ್ಚು ಸುದ್ದಿಯಾಗಲಿಲ್ಲ. ಕೋವಿಡ್ ನೆಪದಲ್ಲಿ ರಾಜ್ಯ ಸರ್ಕಾರ ಮೇ 22ರಂದು ಕಾರ್ಖಾನೆಗಳ ಕೆಲಸದ ಅವಧಿಯನ್ನು ದಿನಕ್ಕೆ 10 ಗಂಟೆಗೆ ಏರಿಸಿತ್ತು. ವಿಷಯ ಹೈಕೋರ್ಟಿಗೆ ಹೋದ ಮೇಲೆ ಜೂನ್ 11ಕ್ಕೆ ಅದು ವಾಪಸ್. ಜುಲೈನಲ್ಲಿ ತುಟ್ಟಿಭತ್ಯೆ ಏರಿಕೆಯನ್ನು ಮುಂದೂಡಿದರು. ತಿಂಗಳಿಗೆ 417 ರೂಪಾಯಿ 60 ಪೈಸೆ. ಸಣ್ಣ ಮೊತ್ತ ಅಂತ ಕಾಣಬಹುದು, ಆದರೆ ರಾಜ್ಯದ ಲಕ್ಷಾಂತರ ಗಾರ್ಮೆಂಟ್ಸ್ ಕಾರ್ಮಿಕರಿಂದ ತಿಂಗಳು ತಿಂಗಳು ಹಿಡಿದರೆ ಎಷ್ಟಾಯಿತು ಲೆಕ್ಕ ಹಾಕಿ. ಎಐಟಿಯುಸಿ ಅನ್ನುವ ಕಾರ್ಮಿಕ ಸಂಘಟನೆ ಕೋರ್ಟಿಗೆ ಹೋಯಿತು, ಸೆಪ್ಟೆಂಬರ್‌ನಲ್ಲಿ ಆ ಮುಂದೂಡಿಕೆಗೆ ತಡೆ ಸಿಕ್ಕಿತು. ಬಾಕಿ ಕೈಗೆ ಬರಲು ಮತ್ತೂ ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. 417 ರೂಪಾಯಿಗಾಗಿ ಒಬ್ಬ ಟೈಲರ್ ವಕೀಲರನ್ನಿಟ್ಟು ಹೈಕೋರ್ಟಿಗೆ ಹೋಗಲು ಆಗುತ್ತಾ?

ಪೌರಕಾರ್ಮಿಕರದ್ದು ಇನ್ನೂ ದೊಡ್ಡ ಕಥೆ. ಗುತ್ತಿಗೆದಾರರ ಕೈಕೆಳಗೆ ವರ್ಷಗಟ್ಟಲೆ ಬೀದಿ ಗುಡಿಸಿದವರು ಸಂಘ ಕಟ್ಟಿದರು, ಅವರಲ್ಲಿ ಬಹುಪಾಲು ದಲಿತ ಹೆಣ್ಣುಮಕ್ಕಳು. 2022ರ ಜುಲೈನಲ್ಲಿ ರಾಜ್ಯದಲ್ಲಿ ನಾಲ್ಕು ದಿನ ಪೊರಕೆ ಕೆಳಗಿಟ್ಟರು. 2025ರ ಮೇ 1ರಂದು ಬಿಬಿಎಂಪಿಯ 12,692 ಜನರಿಗೆ ಕಾಯಂ ನೇಮಕಾತಿ ಪತ್ರ ಸಿಕ್ಕಿತು. ಒಳ್ಳೆ ಎಚ್‌ಆರ್ ಪಾಲಿಸಿಯಿಂದ ಸಿಕ್ಕಿದ್ದಲ್ಲ ಅದು.

ಇಷ್ಟೆಲ್ಲ ಹೇಳಿದ ಮೇಲೆ ಯೂನಿಯನ್‌ಗಳ ತಪ್ಪನ್ನೂ ಹೇಳಲೇಬೇಕು. ನನ್ನ ಲೆಕ್ಕದಲ್ಲಿ ದೊಡ್ಡದು ಒಂದೇ. ಕಾಯಂ ಕಾರ್ಮಿಕರ ಯೂನಿಯನ್ ತನ್ನದೇ ಗೇಟಿನೊಳಗಿನ ಗುತ್ತಿಗೆ ಹುಡುಗರನ್ನು ಹೊರಗಿನವರ ಹಾಗೆ ನೋಡುತ್ತದೆ. ಒಂದೇ ಮೆಷಿನ್, ಒಂದೇ ಶಿಫ್ಟ್, ಅರ್ಧ ಸಂಬಳ. ಒಪ್ಪಂದದ ಕಾಗದದಲ್ಲಿ ಅವರ ಹೆಸರಿಲ್ಲ. ಹತ್ತು ವರ್ಷ ಹೀಗೆ ಬಿಟ್ಟು ಈಗ ಕಾಯಂ ಆದವರೇ ಕಮ್ಮಿಯಾಗಿ, ಸದಸ್ಯರಿಲ್ಲ ಅಂತ ಕೊರಗುವ ಮುಖಂಡರನ್ನು ನಾನು ನೋಡಿದ್ದೇನೆ. ಹೊಸ ಸಂಹಿತೆಯಲ್ಲಿ ಇದರ ಏಟು ಇನ್ನೂ ಜೋರು. ಮಾತುಕತೆಗೆ ಕೂರುವ ಏಕೈಕ ಸಂಘ ಆಗಬೇಕಾದರೆ ಮಸ್ಟರ್ ರೋಲ್‌ನಲ್ಲಿರುವ, ಅಂದರೆ ಹಾಜರಿ ಪಟ್ಟಿಯಲ್ಲಿರುವ ಕಾರ್ಮಿಕರಲ್ಲಿ 51 ಶೇಕಡಾ ಬೆಂಬಲ ಬೇಕು. ಅಷ್ಟು ಯಾರಿಗೂ ಇಲ್ಲದಿದ್ದರೆ 20 ಶೇಕಡಾ ಇರುವ ಸಂಘಗಳ ಕೌನ್ಸಿಲ್. ಪಕ್ಷಕ್ಕೊಂದು ಬಾವುಟ ಹಿಡಿದು ಒಡೆದುಕೊಂಡ ಕಡೆ ಯಾರಿಗೂ ಏನೂ ದಕ್ಕುವುದಿಲ್ಲ. ಮುಷ್ಕರಕ್ಕೆ 14 ದಿನದ ನೋಟಿಸ್ ಎಲ್ಲ ಉದ್ಯಮಕ್ಕೂ ಕಡ್ಡಾಯ ಆಗಿದೆ. ಸಂಧಾನ ಶುರುವಾದರೆ ಮುಷ್ಕರ ಮಾಡುವ ಹಾಗೇ ಇಲ್ಲ. ಅರ್ಧದಷ್ಟು ಜನ ಒಟ್ಟಿಗೆ ಕ್ಯಾಶುಯಲ್ ರಜ ಹಾಕಿದರೂ ಅದು ಮುಷ್ಕರವೇ. ಇದು ಕಾರ್ಮಿಕರ ಕೈ ಕಟ್ಟುವ ಕಾನೂನು ಅಂತಲೇ ನನ್ನ ಅಭಿಪ್ರಾಯ. ಹಾಗಾಗಿ ಸಂಖ್ಯೆ ಬೇಕು, ಗುತ್ತಿಗೆಯವರನ್ನು ಸೇರಿಸಿಕೊಳ್ಳದೆ ಆ ಸಂಖ್ಯೆ ಬರುವುದಿಲ್ಲ. ಹೆಣ್ಣುಮಕ್ಕಳೇ ತುಂಬಿರುವ ಫ್ಯಾಕ್ಟರಿಯಲ್ಲಿ ವೇದಿಕೆ ಮೇಲೆ ಐದೂ ಜನ ಗಂಡಸರು ಕೂರುವುದು ಕೂಡ ನಿಲ್ಲಬೇಕು.

ಐಟಿಯಲ್ಲಿ ಕೆಐಟಿಯು ಅನ್ನುವ ನೌಕರರ ಯೂನಿಯನ್ 2017ರಿಂದ ಇದೆ. ದಿನಕ್ಕೆ 12 ಗಂಟೆಗಿಂತ ಜಾಸ್ತಿ ದುಡಿಸಲು ದಾರಿ ಮಾಡುವ ಪ್ರಸ್ತಾವ 2024ರಲ್ಲಿ ಬಂದಾಗ ಬೀದಿಗಿಳಿದವರು ಅವರೇ. ಅದಕ್ಕಿಂತ ಕಷ್ಟದ ಜಾಗ ಆ್ಯಪ್‌ಗಳದ್ದು. ಅಲ್ಲಿ ಕರೆದು ಕೂರಿಸುವ ಮೀಟಿಂಗ್ ರೂಮೂ ಇಲ್ಲ. ಬೆಳಗ್ಗೆ ಎದ್ದು ನೋಡಿದರೆ ಐಡಿ ಬ್ಲಾಕ್. ಡೆಲಿವರಿ ಹುಡುಗರು, ಕ್ಯಾಬ್ ಡ್ರೈವರ್‌ಗಳು ಸಂಘ ಕಟ್ಟಿಕೊಂಡು ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ಬಂತು. ಕೆಲಸದಿಂದ ತೆಗೆಯಬೇಕಾದರೆ ಕಾರಣ ಬರವಣಿಗೆಯಲ್ಲಿ ಕೊಡಬೇಕು, 14 ದಿನ ಮೊದಲು ತಿಳಿಸಬೇಕು ಅಂತ ಅದರಲ್ಲಿದೆ. ಕಂಪನಿಗಳು ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಕೊಡುವ ಹಣದ 1ರಿಂದ 5 ಶೇಕಡಾ ಕಲ್ಯಾಣ ಶುಲ್ಕ ಕಟ್ಟಬೇಕು. ಕಾಗದದ ಮೇಲೆ ಒಳ್ಳೆಯದೇ. ಅದನ್ನು ಬಳಸುವವರು ಬೇಕು, ಅಷ್ಟೇ.

ಹೋದ ವಾರ ಲಗ್ಗೆರೆಯ ಒಬ್ಬ ಡೆಲಿವರಿ ಹುಡುಗ ಐಡಿ ಬ್ಲಾಕ್ ಆಗಿದೆ ಅಂತ ಬಂದ. ಕಾರಣ ಕೇಳಿ ಕಂಪನಿಗೆ ಪತ್ರ ತಯಾರು ಮಾಡಿದೆವು. ಪ್ರಿಂಟ್ ತೆಗೆಯುವ ಹೊತ್ತಿಗೆ ಫೋನ್ ತೋರಿಸಿ 'ನಮ್ ಗ್ರೂಪಲ್ಲಿ ಇನ್ನೂ ಏಳು ಜನಕ್ಕೆ ಹಿಂಗೇ ಆಗಿದೆ ಮೇಡಂ, ಅವರದೂ ಸೇರಿಸಬಹುದಾ?' ಅಂದ. ಮಂಗಳವಾರ ಎಲ್ಲರೂ ಸ್ಕ್ರೀನ್‌ಶಾಟ್ ತಗೊಂಡು ಬನ್ನಿ ಅಂದಿದ್ದೇನೆ.