ಕಪ್ಪುಕುಳಿಯ ಉಂಗುರದ ಮೇಲಿನ ಗೆರೆಗಳು

ಎಂ87 ಗೆಲಾಕ್ಸಿಯ ನಡುವಿನ ಕಪ್ಪುಕುಳಿಯ ಕಿತ್ತಳೆ ಬಣ್ಣದ ಉಂಗುರವನ್ನು 2019ರ ಏಪ್ರಿಲ್ 10ರಂದು ಜಗತ್ತು ಕಣ್ಣರಳಿಸಿ ನೋಡಿತು. ಎರಡು ವರ್ಷಗಳ ನಂತರ, 2021ರ ಮಾರ್ಚ್ 24ರಂದು, ಅದೇ ಉಂಗುರ ಮೈತುಂಬ ಬಾಗಿದ ಗೆರೆಗಳನ್ನು ಹೊತ್ತು ಬಂದಾಗ ಅಷ್ಟು ಗದ್ದಲವಾಗಲಿಲ್ಲ. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡ ಸುದ್ದಿ. ಉಂಗುರ ಕಾಣಬೇಕು ಎಂದು ಐನ್‌ಸ್ಟೈನರ ಸಿದ್ಧಾಂತ ಮೊದಲೇ ಹೇಳಿತ್ತು. ಗೆರೆಗಳು ಯಾವ ಕಡೆ ಬಾಗಿರಬೇಕೆಂದು ಅದು ಹೇಳಿರಲಿಲ್ಲ.

ಆ ಗೆರೆಗಳನ್ನು ಅಲಂಕಾರ ಎಂದುಕೊಂಡವರು ಬಹಳ. ಕಾಂತರೇಖೆಗಳೇ ಫೋಟೊದಲ್ಲಿ ಸಿಕ್ಕಿಬಿದ್ದಿವೆ ಎಂದು ಬರೆದವರೂ ಇದ್ದಾರೆ. ಎರಡೂ ಅಲ್ಲ. ಅಲ್ಲಿಂದ ಬಂದ ರೇಡಿಯೊ ಅಲೆಯ ವಿದ್ಯುತ್ ಕಂಪನ ಯಾವ ದಿಕ್ಕಿನಲ್ಲಿತ್ತು ಎಂಬುದನ್ನಷ್ಟೇ ಅವು ತೋರಿಸುತ್ತವೆ. ಬೆಳಕಿಗೆ ಸಮೀಪದ ವೇಗದಲ್ಲಿ ಕಾಂತಕ್ಷೇತ್ರದ ಸುತ್ತ ಸುರುಳಿ ಸುತ್ತುವ ಎಲೆಕ್ಟ್ರಾನುಗಳು ಸಿಂಕ್ರೊಟ್ರಾನ್ ವಿಕಿರಣವನ್ನು ಸೂಸುತ್ತವೆ. ಅದರ ಕಂಪನ ಹೆಚ್ಚಿನಂಶ ಕಾಂತಕ್ಷೇತ್ರಕ್ಕೆ ಅಡ್ಡಲಾಗಿರುತ್ತದೆ. ಕ್ಷೇತ್ರವನ್ನು ಕಾಣುವುದಿಲ್ಲ, ಗೆರೆಯಿಂದ ಲೆಕ್ಕ ಹಾಕಿ ತಿಳಿಯುತ್ತೇವೆ.

ಎಂ87ರ ಮಟ್ಟಿಗೆ ಈ ಲೆಕ್ಕ ಹಳೆಯದು. 1918ರಲ್ಲಿ ಲಿಕ್ ವೀಕ್ಷಣಾಲಯದ ಹೀಬರ್ ಕರ್ಟಿಸ್ ಈ ಗೆಲಾಕ್ಸಿಯ ಕೇಂದ್ರದಿಂದ ಹೊರಟ ವಿಚಿತ್ರವಾದ ನೇರ ಕಿರಣವೊಂದನ್ನು ದಾಖಲಿಸಿ ಸುಮ್ಮನಾದರು. 1956ರಲ್ಲಿ ವಾಲ್ಟರ್ ಬಾಡೆ ಆ ಕಿರಣದ, ಅಂದರೆ ಚಿಮ್ಮುಧಾರೆಯ, ಬೆಳಕು ಧ್ರುವೀಕೃತವಾಗಿದೆ, ಎಂದರೆ ಅದರ ಕಂಪನ ಒಂದು ದಿಕ್ಕಿಗೆ ಒಲಿದಿದೆ ಎಂದು ತೋರಿಸಿದರು. ಅಂದರೆ ಅಲ್ಲಿ ಕಾಂತಕ್ಷೇತ್ರವಿದೆ. ಧಾರೆಯ ಬುಡದಲ್ಲಿ, ಕಪ್ಪುಕುಳಿಯ ಅಂಚಿನಲ್ಲಿ, ಅದು ಹೇಗಿದೆ ಎಂದು ನೋಡಲು ಭೂಮಿಯಷ್ಟು ಅಗಲದ ದೂರದರ್ಶಕ ಬೇಕಿತ್ತು.

ಲೋಕದ ಹಲವೆಡೆಯ ರೇಡಿಯೊ ದೂರದರ್ಶಕಗಳನ್ನು ಜೋಡಿಸಿ ಅಂಥದ್ದೊಂದನ್ನು ಕಟ್ಟಿದ್ದು ಈವೆಂಟ್ ಹೊರೈಜನ್ ಟೆಲಿಸ್ಕೋಪ್ ಜಾಲ. 2017ರ ಏಪ್ರಿಲ್‌ನಲ್ಲಿ ಅದರಲ್ಲಿ ಎಂಟು ದೂರದರ್ಶಕಗಳಿದ್ದವು. ದಕ್ಷಿಣ ಧ್ರುವದಲ್ಲಿರುವುದಕ್ಕೆ ಎಂ87 ಕಾಣುವುದೇ ಇಲ್ಲ. ಚಿಲಿ, ಹವಾಯಿ, ಅರಿಜೋನ, ಮೆಕ್ಸಿಕೊ, ಸ್ಪೇನ್‌ಗಳ ಏಳು ದೂರದರ್ಶಕಗಳು 1.3 ಮಿಲಿಮೀಟರ್ ತರಂಗಾಂತರದಲ್ಲಿ ಅದನ್ನು ಹಿಡಿದವು. ಬಹುಪಾಲು ದೂರದರ್ಶಕಗಳಲ್ಲಿ ಬಲಕ್ಕೆ ತಿರುಗುವ ಅಲೆಗೊಂದು, ಎಡಕ್ಕೆ ತಿರುಗುವ ಅಲೆಗೊಂದು ಗ್ರಾಹಕ ಇರುತ್ತದೆ. ಒಂದು ಊರಿನ ಬಲಗ್ರಾಹಕದ ದಾಖಲೆಯನ್ನು ಇನ್ನೊಂದು ಊರಿನ ಎಡಗ್ರಾಹಕದ ದಾಖಲೆಯೊಂದಿಗೆ ಗುಣಿಸಿದರೆ ಗೆರೆಗಳ ಮಾಹಿತಿ ಅದರಲ್ಲಿ ಸಿಗುತ್ತದೆ.

ತೊಡಕು ಇರುವುದು ಸೋರಿಕೆಯಲ್ಲಿ. ಬಲದ ಅಲೆಯ ಒಂದಂಶ ಎಡದ ಗ್ರಾಹಕಕ್ಕೂ ಎಡದ್ದು ಬಲದ್ದಕ್ಕೂ ನುಸುಳುತ್ತದೆ. ಕೆಲವು ದೂರದರ್ಶಕಗಳಲ್ಲಿ ಇದು ಶೇಕಡಾ ಹತ್ತರವರೆಗೂ ಹೋಗುತ್ತದೆ. ಉಂಗುರದ ಅಸಲಿ ಧ್ರುವೀಕರಣವೇ ಹೆಚ್ಚೆಂದರೆ ಶೇಕಡಾ 15ರ ಆಸುಪಾಸು. ಯಾವುದು ಆಕಾಶದ್ದು, ಯಾವುದು ಯಂತ್ರದ್ದು?

ಇಲ್ಲಿ ಕೈಹಿಡಿಯುವುದು ಭೂಮಿಯ ತಿರುಗುವಿಕೆ. ಗೋಡೆಯ ಕ್ಯಾಲೆಂಡರನ್ನು ನೋಡುವಾಗ ಕಲೆ ಕನ್ನಡಕದಲ್ಲಿದೆಯೋ ಕ್ಯಾಲೆಂಡರಿನಲ್ಲಿದೆಯೋ ಎಂಬ ಅನುಮಾನ ಬಂದರೆ ತಲೆಯನ್ನು ವಾಲಿಸಿ ನೋಡಬೇಕು. ಕನ್ನಡಕದ್ದಾದರೆ ಕಲೆ ತಲೆಯೊಂದಿಗೆ ತಿರುಗುತ್ತದೆ, ಕ್ಯಾಲೆಂಡರಿನದ್ದಾದರೆ ಇದ್ದಲ್ಲೇ ಇರುತ್ತದೆ. ಭೂಮಿ ತಿರುಗಿದಂತೆ ಪ್ರತಿ ದೂರದರ್ಶಕವೂ ಆಕಾಶದ ಎದುರು ಹೀಗೆ ತಲೆ ವಾಲಿಸುತ್ತಲೇ ಇರುತ್ತದೆ. ಪ್ರತಿ ಊರಿನಲ್ಲೂ ವಾಲುವ ಕ್ರಮ ಬೇರೆ, ಆದರೆ ಲೆಕ್ಕಕ್ಕೆ ಸಿಗುವಂಥದ್ದು. ರಾತ್ರಿಯಿಡೀ ದೂರದರ್ಶಕದೊಂದಿಗೆ ತಿರುಗಿದ ಭಾಗ ಸೋರಿಕೆ, ಅದನ್ನು ಕಳೆಯಬಹುದು. ಚಿಲಿಯ ಒಂದೇ ಪ್ರಸ್ಥಭೂಮಿಯ ಮೇಲಿರುವ ಅಲ್ಮಾ ಮತ್ತು ಅಪೆಕ್ಸ್ ದೂರದರ್ಶಕಗಳ ನಡುವೆ ಕೆಲಸ ಇನ್ನೂ ಸುಲಭ. ಅಷ್ಟು ಹತ್ತಿರದ ಜೋಡಿಗೆ ಇಡೀ ಉಂಗುರ ಒಂದು ಚುಕ್ಕೆ ಮಾತ್ರ, ಹಾಗಾಗಿ ಚಿತ್ರ ಹೇಗಿದೆಯೆಂದು ತಿಳಿಯದೆಯೇ ಸೋರಿಕೆಯನ್ನು ಅಳೆಯಬಹುದು.

ದೂರದರ್ಶಕಗಳು ಬೆರಳೆಣಿಕೆಯಷ್ಟೇ ಆದ್ದರಿಂದ ಸೋರಿಕೆ ಕಳೆದ ಮೇಲೂ ಮಾಹಿತಿಯಲ್ಲಿ ಅಲ್ಲಲ್ಲಿ ತೂತುಗಳು ಉಳಿದೇ ಇರುತ್ತವೆ. ಅದಕ್ಕೆ ಹೊಂದುವ ಚಿತ್ರಗಳು ಅಸಂಖ್ಯ. "ಹಾಗಾದರೆ ಕಂಪ್ಯೂಟರು ತನಗೆ ತೋಚಿದ್ದನ್ನು ಬಿಡಿಸಿತು" ಎಂದು ಜಾಣತನ ಮೆರೆಯುವವರಿಗೆ ಉತ್ತರವಿದೆ: ಐದು ಬೇರೆ ಬೇರೆ ವಿಧಾನಗಳನ್ನು ಮೊದಲು ಉತ್ತರ ಗೊತ್ತಿದ್ದ ಕೃತಕ ದತ್ತಾಂಶದ ಮೇಲೆ ಪರೀಕ್ಷಿಸಿದರು, ಆಮೇಲೆ ಅಸಲಿ ದತ್ತಾಂಶಕ್ಕೆ ಹಚ್ಚಿದರು. ಐದರಲ್ಲೂ ಒಂದೇ ಬಗೆಯ ಸುರುಳಿ ಬಂತು.

ಅಸಂಖ್ಯ ಚಿತ್ರಗಳಲ್ಲಿ ಒಂದನ್ನು ಆರಿಸುವ ಗಣಿತಕ್ಕೆ ಬೆಂಗಳೂರಿನ ನಂಟಿದೆ. 1980ರ ದಶಕದ ಆರಂಭದಲ್ಲಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ರಾಜಾರಾಂ ನಿತ್ಯಾನಂದ ಮತ್ತು ರಮೇಶ್ ನಾರಾಯಣ್ ಗರಿಷ್ಠ ಎಂಟ್ರೊಪಿ ವಿಧಾನದ ಮೇಲೆ ಕೆಲಸ ಮಾಡಿದರು. ದತ್ತಾಂಶ ಒಪ್ಪುವ ಚಿತ್ರಗಳಲ್ಲಿ ತನ್ನದೆಂದು ಅತಿ ಕಡಿಮೆ ಸೇರಿಸುವುದನ್ನು ಆರಿಸು ಎನ್ನುತ್ತದೆ ಅದು. ಅದೇ ನಾರಾಯಣ್ 2003ರಲ್ಲಿ, ಇನ್ನಿಬ್ಬರ ಜೊತೆಗೂಡಿ, ಕಪ್ಪುಕುಳಿಯ ಬಳಿ ಜಮಾಯಿಸಿದ ಕಾಂತಕ್ಷೇತ್ರ ಒಳಬೀಳುವ ಅನಿಲವನ್ನೇ ತಡೆಹಿಡಿಯಬಲ್ಲದು ಎಂಬ ಮಾದರಿಯನ್ನು ಮಂಡಿಸಿದರು. 2021ರ ಗೆರೆಗಳೊಂದಿಗೆ ಹೊಂದಿದ ಮಾದರಿಗಳು ಬಹುತೇಕ ಇದೇ ಬಗೆಯವು. ಅಲ್ಲಿನ ಕ್ಷೇತ್ರದ ಬಲ 1ರಿಂದ 30 ಗಾಸ್ (ಕಾಂತಕ್ಷೇತ್ರವನ್ನು ಅಳೆಯುವ ಮಾನ) ಎಂಬ ಅಂದಾಜು ಬಂತು. ಭೂಮಿಯದು ಸುಮಾರು ಅರ್ಧ ಗಾಸ್.

ಅಚ್ಚುಕಟ್ಟಾದ ಕಾಂತಕ್ಷೇತ್ರದಲ್ಲಿ ಸಿಂಕ್ರೊಟ್ರಾನ್ ಅಲೆಗಳು ಶೇಕಡಾ 70ರಷ್ಟು ಧ್ರುವೀಕೃತವಾಗಿರಬಲ್ಲವು. ಕಂಡದ್ದು 15. ಉಂಗುರದೊಳಗಿನ ಬಿಸಿ ಪ್ಲಾಸ್ಮಾ, ಅಂದರೆ ವಿದ್ಯುದಾವೇಶ ಹೊತ್ತ ಕಣಗಳ ಅನಿಲ, ತನ್ನ ಮೂಲಕ ಹಾದುಹೋಗುವ ಅಲೆಗಳ ಕಂಪನದ ದಿಕ್ಕನ್ನು ತಿರುಚಿ ಕಲಸಿಬಿಡುತ್ತದೆ. ಫ್ಯಾರಡೆ ಪರಿಣಾಮ ಎನ್ನುವುದು ಇದನ್ನೇ. 2024ರ ಮಾರ್ಚ್‌ನಲ್ಲಿ ಬಂದ ನಮ್ಮದೇ ಹಾಲುಹಾದಿಯ ಸ್ಯಾಜಿಟೇರಿಯಸ್ ಎ* ಕಪ್ಪುಕುಳಿಯ ಚಿತ್ರದಲ್ಲಿ ಗೆರೆಗಳು ಇನ್ನೂ ಗಾಢ, ಅದೂ ಸುರುಳಿಯೇ.

2025ರ ಸೆಪ್ಟೆಂಬರ್‌ನಲ್ಲಿ ಎಂ87ರ 2017, 2018, 2021ರ ಚಿತ್ರಗಳನ್ನು ಒಟ್ಟಿಗಿಟ್ಟು ಪ್ರಕಟಿಸಿದರು. ಉಂಗುರದ ಗಾತ್ರ ಮೂರರಲ್ಲೂ ಒಂದೇ. 2017ರಲ್ಲಿ ಒಂದು ಕಡೆಗೆ ಸುತ್ತಿದ್ದ ಸುರುಳಿ ಮಾತ್ರ 2021ರ ಹೊತ್ತಿಗೆ ಎದುರು ದಿಕ್ಕಿಗೆ ಹೊರಳಿತ್ತು. ತಿರುಗಿದ್ದು ಕಾಂತಕ್ಷೇತ್ರವೋ, ಅಲೆಗಳು ಹಾದುಬಂದ ಪ್ಲಾಸ್ಮಾದ ಪರದೆಯೋ, ಎರಡೂ ಸೇರಿಯೋ ಎಂಬುದೇ ಈಗಿನ ಚರ್ಚೆ.