ಲೈಬ್ರರಿ ಪುಸ್ತಕ ಮೊಬೈಲಿನಲ್ಲೇ ಸಿಗುತ್ತಾ?

ಓದುಗರ ಪ್ರಶ್ನೆ: ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ನಿಘಂಟು, ಪಠ್ಯಪುಸ್ತಕ, ಕಾದಂಬರಿ ಎಲ್ಲ ಲೈಬ್ರರಿಯಿಂದ ಮೊಬೈಲಿಗೇ ಪುಕ್ಕಟೆ ಸಿಗುತ್ತವಂತೆ, ನಿಜವಾ? ವಾಟ್ಸಾಪಿನಲ್ಲಿ ಬರುವ ಪಿಡಿಎಫ್ ಓದಿದರೆ ತಪ್ಪಾ?

ನಿಜ, ತುಂಬಾ ಸಿಗುತ್ತವೆ. ಆದರೆ ಪುಕ್ಕಟೆ ಅನ್ನೋ ಮಾತನ್ನ ನಾನು ಒಪ್ಪಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ವಸೂಲಿ ಮಾಡುತ್ತಾರೆ, ತೆರಿಗೆಯ ಶೇ. 6ರಷ್ಟು. ಸ್ವಂತ ಮನೆ ಇದ್ದವರು ನೇರವಾಗಿ ಕಟ್ಟುತ್ತಾರೆ, ಬಾಡಿಗೆಯವರು ಬಾಡಿಗೆಯಲ್ಲೇ ಕೊಟ್ಟಿರುತ್ತಾರೆ. ದುಡ್ಡು ನಿಮ್ಮದೇ. ಸಂಕೋಚ ಬೇಡ, ಹಕ್ಕಿನಿಂದ ಬಳಸಿ.

ಮೊದಲು ನೋಡಬೇಕಾದ್ದು ನಮ್ಮ ಗ್ರಂಥಾಲಯ ಇಲಾಖೆಯದೇ ಕರ್ನಾಟಕ ಡಿಜಿಟಲ್ ಪಬ್ಲಿಕ್ ಲೈಬ್ರರಿ. 2020ರಲ್ಲಿ ಶುರುವಾಯಿತು, ವೆಬ್‌ಸೈಟೂ ಇದೆ, ಆ್ಯಪೂ ಇದೆ. ಹೆಸರು ನೋಂದಾಯಿಸಿಕೊಂಡರೆ ಸಾಕು. ಶಾಲಾ ಪಠ್ಯ, ಸ್ಪರ್ಧಾತ್ಮಕ ಪರೀಕ್ಷೆಯ ಸಾಮಗ್ರಿ ಇರುವುದರಿಂದ ನಿಮ್ಮಂಥವರಿಗೆ ಇದು ಜಾಸ್ತಿ ಉಪಯೋಗ. ಎರಡನೆಯದು ಖರಗ್‌ಪುರದ ಐಐಟಿ ನಡೆಸುವ ನ್ಯಾಷನಲ್ ಡಿಜಿಟಲ್ ಲೈಬ್ರರಿ. ಅಲ್ಲಿ ಹುಡುಕಿದಾಗ ಕೆಲವಕ್ಕೆ ಬೀಗ ಹಾಕಿರುತ್ತದೆ, ಆಯಾ ಸಂಸ್ಥೆಯವರಿಗೆ ಮಾತ್ರ ತೆರೆಯುತ್ತದೆ. ಅದಕ್ಕೆ ಬೇಜಾರಾಗಬೇಡಿ, ತೆರೆದಿರುವುದೇ ಬೇಕಾದಷ್ಟಿದೆ.

ನಿಘಂಟು ಬೇಕಂದ್ರೆ ಭಾರತವಾಣಿಗೆ ಹೋಗಿ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 2016ರಿಂದ ನಡೆಸುತ್ತಿರುವ ತಾಣ, ಹಲವು ಭಾಷೆಗಳ ನಿಘಂಟು, ಪದಕೋಶಗಳು ಒಂದೇ ಕಡೆ ಇವೆ. ಹಳೆಗನ್ನಡದ ಪದ ಸಿಕ್ಕಿಕೊಂಡರೆ ಮಾತ್ರ ನನಗೆ ಈಗಲೂ ಕಿಟೆಲ್ ನಿಘಂಟೇ ಬೇಕು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚು ಹಾಕಿದ, ಸುಮಾರು 70,000 ಪದಗಳ ಆ ದೊಡ್ಡ ಪುಸ್ತಕ ಇಡಿಯಾಗಿ ಇಂಟರ್ನೆಟ್ ಆರ್ಕೈವ್ ಅನ್ನೋ ಉಚಿತ ತಾಣದಲ್ಲಿದೆ, ಇಳಿಸಿಕೊಂಡು ಇಟ್ಟುಕೊಳ್ಳಬಹುದು.

ಈಗ ಕಾದಂಬರಿಯ ವಿಷಯ. ಇಲ್ಲೇ ಎಲ್ಲರಿಗೂ ನಿರಾಸೆ ಆಗೋದು. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ, ಅದನ್ನ ಎಣಿಸೋದು ಅವರು ತೀರಿಕೊಂಡ ಮರುವರ್ಷದ ಜನವರಿಯಿಂದ. ಬಿಎಂಶ್ರೀ, ಕೈಲಾಸಂ ಇಬ್ಬರೂ ತೀರಿಕೊಂಡದ್ದು 1946ರಲ್ಲಿ, ಹಾಗಾಗಿ ಅವರ ಬರಹ 2007ರಿಂದಲೇ ಮುಕ್ತ. 1963ರಲ್ಲಿ ತೀರಿಕೊಂಡ ಗೋವಿಂದ ಪೈಗಳದ್ದು 2024ಕ್ಕೆ ಮುಕ್ತವಾಯಿತು. ಕುವೆಂಪು ಹೋದದ್ದು 1994ರಲ್ಲಿ, ಅಂದರೆ 2054ರ ಕೊನೆಯ ತನಕ ಅವರ ಪುಸ್ತಕಕ್ಕೆ ಹಕ್ಕುದಾರರಿದ್ದಾರೆ. ವಾಟ್ಸಾಪ್ ಪಿಡಿಎಫ್ ತಪ್ಪಾ ಅಂತ ಕೇಳಿದಿರಲ್ಲ, ಈ ಲೆಕ್ಕ ಹಾಕಿ ನೋಡಿ. ಹಕ್ಕು ಮುಗಿದಿದ್ದರೆ ಧಾರಾಳವಾಗಿ ಓದಿ, ಹಂಚಿ. ಹಕ್ಕು ಇದ್ದು, ಅನುಮತಿ ಇಲ್ಲದೆ ಸ್ಕ್ಯಾನ್ ಮಾಡಿದ್ದಾದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಕನ್ನಡದಲ್ಲಿ ಎಷ್ಟೋ ಪುಸ್ತಕಗಳು ಸಾವಿರ ಪ್ರತಿ ಖರ್ಚಾಗೋದೇ ಕಷ್ಟ, ಸಣ್ಣ ಪ್ರಕಾಶಕರು ಇಲಾಖೆಯ ಸಗಟು ಖರೀದಿಯನ್ನ ನಂಬಿಕೊಂಡು ಬದುಕುತ್ತಿದ್ದಾರೆ, ಅಂಥವರ ಹೊಸ ಪುಸ್ತಕ ಗ್ರೂಪಿಂದ ಗ್ರೂಪಿಗೆ ಹರಿದಾಡೋದನ್ನ ನೋಡಿದರೆ ನನಗೆ ಸಂಕಟ ಆಗುತ್ತದೆ.

ಹೊರದೇಶದಲ್ಲಿ ಇರುವವರೂ ಇದೇ ಪ್ರಶ್ನೆ ಕೇಳುತ್ತಾರೆ. ಅಮೆರಿಕದಲ್ಲಿದ್ದರೆ ನಿಮ್ಮೂರಿನ ಲೈಬ್ರರಿ ಕಾರ್ಡ್ ಮಾಡಿಸಿ, ಲೈಬ್ರರಿಯ ಇ-ಪುಸ್ತಕಗಳನ್ನ ಎರವಲು ಕೊಡುವ ಲಿಬಿ ಆ್ಯಪಿಗೆ ಹಾಕಿ. ಬ್ರಿಟನ್ನಿನ ಬಹಳಷ್ಟು ಸಾರ್ವಜನಿಕ ಲೈಬ್ರರಿಗಳಲ್ಲಿ ಕಾರ್ಡಿನ ನಂಬರ್ ಒಂದಿದ್ದರೆ, ಚಂದಾ ಕೊಟ್ಟು ಓದಬೇಕಾದ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ ಮನೆಯಲ್ಲೇ ತೆರೆದುಕೊಳ್ಳುತ್ತದೆ. ಲಿಬಿಯಲ್ಲಿ ಫೈಲಿಗೂ ಸರದಿ ಯಾಕೆ ಅಂತ ಸಿಟ್ಟಾಗಬೇಡಿ. ಲೈಬ್ರರಿ ಸಾಮಾನ್ಯವಾಗಿ ಎಷ್ಟು ಪ್ರತಿಗೆ ಲೈಸೆನ್ಸ್ ತೆಗೆದುಕೊಂಡಿದೆಯೋ ಒಂದು ಹೊತ್ತಿಗೆ ಅಷ್ಟೇ ಜನ ಓದಬಹುದು, ಎಷ್ಟೋ ಲೈಸೆನ್ಸ್‌ಗಳು ಎರಡು ವರ್ಷಕ್ಕೆ ಮುಗಿದು ಮತ್ತೆ ಕೊಳ್ಳಬೇಕಾಗುತ್ತದೆ.

ಇಷ್ಟು ಕಡೆ ಹುಡುಕಿಯೂ ನಿಮ್ಮ ಪುಸ್ತಕ ಸಿಗದಿದ್ದರೆ ತಾಲ್ಲೂಕಿನ ಶಾಖಾ ಗ್ರಂಥಾಲಯಕ್ಕೆ ಹೋಗಿ ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರ ಹೆಸರು ಬರೆದು ತರಿಸಿಕೊಡಿ ಅಂತ ಕೇಳಿ. ಸುಮ್ನೆ ಬಾಯಲ್ಲಿ ಹೇಳಿ ಬರಬೇಡಿ, ಬರಹದಲ್ಲೇ ಕೊಡಿ.