ಒಂದೇ ದೇಶ, ಎರಡು ರಿಯಾಲ್: ಯೆಮನ್‌ನ ಆಮದು ವ್ಯಾಪಾರ ಸಾಗಿಬಂದ ದಾರಿ

ತನಗೆ ಬೇಕಾದ ಗೋಧಿಯ ಸುಮಾರು ಶೇ 90ರಷ್ಟನ್ನು ಹೊರದೇಶಗಳಿಂದ ತರಿಸಿಕೊಳ್ಳುವ ಯೆಮನ್‌ನಲ್ಲಿ ಆಮದು ನಿಂತರೆ ಮನೆಮನೆಯಲ್ಲೂ ರೊಟ್ಟಿ ನಿಲ್ಲುತ್ತದೆ. 2014ರ ಸೆಪ್ಟೆಂಬರ್‌ನಲ್ಲಿ ಉತ್ತರದ ಬಂಡುಕೋರ ಗುಂಪಾದ ಹೂಥಿಗಳು ರಾಜಧಾನಿ ಸನಾವನ್ನು ಹಿಡಿದು, 2015ರ ಮಾರ್ಚ್‌ನಲ್ಲಿ ಸೌದಿ ನೇತೃತ್ವದ ಒಕ್ಕೂಟ ವೈಮಾನಿಕ ದಾಳಿ ಆರಂಭಿಸಿದ ಮೇಲೂ ಅಲ್ಲಿನ ವ್ಯಾಪಾರಿಗಳು ಹಡಗು ತರಿಸುವುದನ್ನು ಬಿಡಲಿಲ್ಲ. ಸಮುದ್ರ ವ್ಯಾಪಾರ ಆ ನೆಲಕ್ಕೆ ಹೊಸದೂ ಅಲ್ಲ. ಬಾಬಾ ಬುಡನ್ ಅವರು ಕಾಫಿ ಬೀಜ ತಂದರೆಂದು ಚಿಕ್ಕಮಗಳೂರಿನವರು ಇಂದಿಗೂ ಹೇಳುವ ಮೋಖಾ ಅಲ್ಲಿಯದೇ ಬಂದರು. 1850ರಲ್ಲಿ ಸುಂಕಮುಕ್ತವಾದ ದಕ್ಷಿಣದ ಬಂದರು ಏಡನ್ 1937ರವರೆಗೆ ಬ್ರಿಟಿಷ್ ಭಾರತದ ಆಡಳಿತದಲ್ಲಿತ್ತು, ಅಲ್ಲಿ ರೂಪಾಯಿಯೇ ಚಲಾವಣೆಯಲ್ಲಿತ್ತು.

ಮೊದಲ ಪೆಟ್ಟು ಬಿದ್ದದ್ದು ಬಂದರಿಗೆ. ಉತ್ತರ ಯೆಮನ್ ನೆಚ್ಚಿಕೊಂಡಿರುವ ಹೊದೈದಾದ ಕ್ರೇನ್‌ಗಳು 2015ರ ಆಗಸ್ಟ್‌ನ ಬಾಂಬ್ ದಾಳಿಯಲ್ಲಿ ಹಾಳಾದವು. 2016ರ ಮೇ ತಿಂಗಳಿನಿಂದ ಅಲ್ಲಿಗೆ ಹೊರಟ ವಾಣಿಜ್ಯ ಹಡಗುಗಳು ಜಿಬೂಟಿಯಿಂದ ಕೆಲಸ ಮಾಡುವ ವಿಶ್ವಸಂಸ್ಥೆಯ ತಪಾಸಣಾ ವ್ಯವಸ್ಥೆಯ ಅನುಮತಿ ಪಡೆಯಬೇಕಾಯಿತು. ಕಾಯುವ ಒಂದೊಂದು ದಿನದ ಬಾಡಿಗೆಯೂ ಏರಿದ ವಿಮಾ ಕಂತೂ ಕೊನೆಗೆ ಸೇರುವುದು ಹಿಟ್ಟಿನ ಚೀಲದ ಬೆಲೆಗೇ.

ಬಂದರಿಗೆ ಬಿದ್ದ ಪೆಟ್ಟು ಎಲ್ಲರ ಕಣ್ಣಿಗೆ ಕಾಣುತ್ತದೆ; ಆದರೆ ವ್ಯಾಪಾರವನ್ನು ಹೆಚ್ಚು ಆಳವಾಗಿ ಸೀಳಿದ್ದು ಹಣದ ವಿಭಜನೆ ಎಂದೇ ನನ್ನ ಅಭಿಪ್ರಾಯ. 2016ರ ಸೆಪ್ಟೆಂಬರ್‌ನಲ್ಲಿ ಹೂಥಿಗಳ ಎದುರಾಳಿ, ಹೊರದೇಶಗಳ ಮಾನ್ಯತೆಯಿದ್ದ ಸರ್ಕಾರದ ಅಧ್ಯಕ್ಷ ಹಾದಿ ಕೇಂದ್ರ ಬ್ಯಾಂಕನ್ನು ಸನಾದಿಂದ ಏಡನ್‌ಗೆ ವರ್ಗಾಯಿಸಿದರು. ಸನಾದ ಕಚೇರಿ ಮುಚ್ಚಲಿಲ್ಲ, ಹೂಥಿಗಳ ಕೈಯಲ್ಲಿ ಮುಂದುವರಿಯಿತು. ಏಡನ್ ರಷ್ಯಾದಲ್ಲಿ ಹೊಸ ನೋಟು ಅಚ್ಚು ಹಾಕಿಸಿತು. 2019ರ ಡಿಸೆಂಬರ್‌ನಲ್ಲಿ ಹೂಥಿಗಳು ಅದನ್ನು ನಿಷೇಧಿಸಿದರು. ಅಂದಿನಿಂದ ಹಲವು ವರ್ಷ ಸನಾದಲ್ಲಿ ಹರಿದು ಮಾಸಿದ ಹಳೆಯ ನೋಟುಗಳೇ ಕೈಬದಲಾದವು. ಅಲ್ಲಿ ಡಾಲರಿಗೆ ಸುಮಾರು 530 ರಿಯಾಲ್ ದರ ನಿಂತಿದ್ದರೆ, 2022ರ ಅಕ್ಟೋಬರ್‌ನಲ್ಲಿ ಹೂಥಿ ಡ್ರೋನ್ ದಾಳಿಯಿಂದ ತೈಲ ರಫ್ತು ನಿಂತು ಡಾಲರ್ ಆದಾಯ ಕಳೆದುಕೊಂಡ ಏಡನ್ ಕಡೆಯಲ್ಲಿ ಅದು 2025ರ ಜುಲೈ ವೇಳೆಗೆ 2,500 ದಾಟಿತ್ತು.

ಸರಕು ದಡ ಸೇರಿದರೂ ತೊಡಕು ತೀರುವುದಿಲ್ಲ. ಏಡನ್‌ನಲ್ಲಿ ಸುಂಕ ಕಟ್ಟಿ ಉತ್ತರಕ್ಕೆ ಹೊರಟ ಲಾರಿ, ಹೂಥಿಗಳು ಒಳನಾಡಿನಲ್ಲಿ ತೆರೆದಿರುವ ಸುಂಕದಕಟ್ಟೆಯಲ್ಲಿ ಮತ್ತೊಮ್ಮೆ ಸುಂಕ ಕಟ್ಟಬೇಕು. ತೈಜ್ ನಗರದಿಂದ ಅದರ ಅಂಚಿನ ಹೌಬಾನ್ ಕೈಗಾರಿಕಾ ಪ್ರದೇಶಕ್ಕೆ ಕಾಲು ಗಂಟೆಯ ದಾರಿ. ಮುಖ್ಯ ರಸ್ತೆ ಮುಚ್ಚಿದ್ದರಿಂದ 2024ರ ಜೂನ್‌ವರೆಗೂ ಜನ ಮತ್ತು ಸರಕು ಬೆಟ್ಟದ ಕಡಿದಾದ ಹಾದಿಯಲ್ಲಿ ಗಂಟೆಗಟ್ಟಲೆ ಸುತ್ತಿ ಬರಬೇಕಿತ್ತು.

2025ರ ಮಾರ್ಚ್‌ನಲ್ಲಿ ಅಮೆರಿಕ ಹೂಥಿಗಳನ್ನು ವಿದೇಶಿ ಭಯೋತ್ಪಾದಕ ಸಂಘಟನೆಯೆಂದು ಘೋಷಿಸಿದಾಗ, ಹೊರದೇಶದ ಬ್ಯಾಂಕುಗಳ ಸಂಪರ್ಕ ಕಡಿದುಹೋಗಬಾರದೆಂದು ಸನಾದ ಹಲವು ಬ್ಯಾಂಕುಗಳು ಪ್ರಧಾನ ಕಚೇರಿಯನ್ನು ಏಡನ್‌ಗೆ ಸಾಗಿಸಲು ಮುಂದಾದವು. ಆದರೆ ಅವುಗಳ ಗ್ರಾಹಕರಲ್ಲಿ ಬಹುಪಾಲು ಜನ ಇರುವುದು ಹೂಥಿ ಆಡಳಿತದ ಪ್ರದೇಶದಲ್ಲಿ. ಗೋಧಿಗೆ ಡಾಲರಿನಲ್ಲಿ ಹಣ ಕಳಿಸಬೇಕಾದ ಸನಾದ ಆಮದುದಾರ ಈಗ ತನ್ನ ಖಾತೆಗಾಗಿ ಏಡನ್‌ನ ಒಪ್ಪಿಗೆಯನ್ನೂ, ತನ್ನ ಗೋದಾಮಿಗಾಗಿ ಸನಾದ ಒಪ್ಪಿಗೆಯನ್ನೂ ಪಡೆಯಬೇಕಾಗಿದೆ.